ಬಂಡಿದಾರಿಗೆ ಮುಳ್ಳು ಹಚ್ಚಿದ ಆಟ

ಆ ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕಂಕುಳಲ್ಲಿ ಖಾಲಿ ಬುಟ್ಟಿ ಇತ್ತು. ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲನ್ನೇ ನೋಡುತ್ತ, ದನಿ ಏರಿಸದೆ ಕೇಳಿದಳು.

"ಮಾಸ್ತರ, ನಮ್ಮ ಬಂಡಿದಾರಿಗೆ ಮುಳ್ಳ ಹಚ್ಚಾಕ ಹೇಳೀರಂತಲ್ರಿ. ನಾವೇನ ಮಾಡಿದ್ವಿ ನಿಮಗ?"

ನಾನು ಯಾರ ದಾರಿಗೂ ಮುಳ್ಳು ಹಚ್ಚಲು ಹೇಳಿರಲಿಲ್ಲ. ಅವಳ ಹೊಲ ಎಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಕಲಘಟಗಿ ಕಡೆಯ ಬಮ್ಮಿಗಟ್ಟಿಯವನು. ಕುಂದಗೋಳ ತಾಲೂಕಿನ ಆ ಊರಿನ ಹೈಸ್ಕೂಲಿಗೆ ಬಂದು ವರ್ಷವೂ ತುಂಬಿರಲಿಲ್ಲ. ಅದನ್ನೇ ಹೇಳಿದೆ. ಅವಳು "ಬಂದ ನೋಡ್ರಿ" ಎಂದಷ್ಟೇ ಹೇಳಿ ಮುಂದೆ ನಡೆದಳು. ನಾನು ಗುಂಡಿ ಹಾಕಿಕೊಳ್ಳುತ್ತಲೇ ಹಿಂದೆ ಹೋದೆ.

ನೋಡಿದ್ದನ್ನು ನೋಡಿದಷ್ಟೇ ಬರೆಯುತ್ತೇನೆ. ರಸ್ತೆಗೆ ಹತ್ತಿದ ಹೊಲದಲ್ಲಿ ಜೋಳ ಎದೆಯುದ್ದ ಬೆಳೆದಿತ್ತು. ಅದರ ನಡುವೆ ಬಂಡಿಯ ಗಾಲಿ ಕೊರೆದ ಎರಡು ಗೀರು ಇಳಿಜಾರಿನ ಕಡೆಗೆ ಹೋಗಿದ್ದವು. ಆ ಗೀರುಗಳ ಮೇಲೆ ಅಡ್ಡಲಾಗಿ ಜಾಲಿಯ ದೊಡ್ಡ ಟೊಂಗೆಗಳಿದ್ದವು. ಹಸಿಯಾಗಿಯೇ ಕಡಿದವು. ಒಂದರ ಬುಡ ಇನ್ನೊಂದರ ತುದಿಗೆ ಬರುವಂತೆ ಹೆಣೆದು, ಗಾಳಿಗೆ ಸರಿಯದಂತೆ ಮೇಲೆ ಕಲ್ಲು ಹೇರಿದ್ದರು. ಸಿಟ್ಟಿನಲ್ಲಿ ಮಾಡಿದ ಕೆಲಸದಂತೆ ಕಾಣಲಿಲ್ಲ, ಅಚ್ಚುಕಟ್ಟಾಗಿತ್ತು. ಅದರಾಚೆ, ಕೆಳಗಿನ ಹೊಲದಲ್ಲಿ, ಮೆಣಸಿನಕಾಯಿ ಗಿಡದ ತುಂಬ ಕೆಂಪಗೆ ಹಣ್ಣಾಗಿ ನಿಂತಿತ್ತು.

"ಅದ ನಮ್ಮ ಹೊಲ" ಎಂದಳು. "ಈಗ ಬಿಡಿಸಬೇಕು. ಬಿಡಿಸಿದ್ದು ಅವತ್ತ ಕಣಕ್ಕ ಬಂದು ಬಿಸಲಿಗೆ ಬೀಳಬೇಕು. ಗುಡ್ಡಿ ಹಾಕಿ ಬಿಟ್ರ ಕಾದು ಬೆಳ್ಳಗಾಗತೈತಿ. ಆ ಕಡೆ ಹಳ್ಳ ಐತಿ, ಬಂಡಿ ಇಳಿಯಂಗಿಲ್ಲ. ತಲಿ ಮ್ಯಾಲೆ ಎಷ್ಟ ಹೊರೂದ್ರಿ? ಈ ಕಾಯಿ ಮನಿಗೆ ಬಂದ್ರ ನಮಗ ವರ್ಷ. ಬರಲಿಲ್ಲ ಅಂದ್ರ ಇಲ್ಲ."

"ಮುಳ್ಳ ಹಚ್ಚಿದವರು ಯಾರು?"

"ನಮ್ಮ ಭಾವಾರು. ಮ್ಯಾಲಿನ ಹೊಲದವರು. ನಿಮ್ಮ ಗವಿ ಆಟದಾಗ ನೀವ ತೀರ್ಪ ಕೊಟ್ರಂತ."

ಆಗ ನನಗೆ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಏನಾಗಿತ್ತೆಂಬುದು ಹೊಳೆಯಿತು. ಈ ಜನರ ಮೇಲೆ ಆಗ ನನಗೆ ಬಂದ ಬೇಸರ ಇಷ್ಟು ವರ್ಷವಾದರೂ ಪೂರ್ತಿ ಹೋಗಿಲ್ಲ.

ಗವಿ ಆಟ ಎಂಬ ಹೆಸರು ಊರಿನವರು ಇಟ್ಟದ್ದು. ಹಡಗಿನ ಮೇಲೆ ಕೆಲಸ ಮಾಡುತ್ತಿದ್ದ ನನ್ನ ಸೋದರಮಾವನ ಮಗ ಯಾವುದೋ ಬಂದರಿನಲ್ಲಿ ಕೊಂಡು, ಅದೇನೆಂದು ತನಗೇ ತಿಳಿಯದೆ, ನನಗೆ ತಂದುಕೊಟ್ಟ ಒಂದು ಪೆಟ್ಟಿಗೆ. ಒಳಗೆ ಇಂಗ್ಲಿಷಿನ ತೆಳು ಪುಸ್ತಕಗಳು, ಬಣ್ಣಬಣ್ಣದ ದಾಳಗಳು. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು. ಇಪ್ಪತ್ತರದನ್ನು ಎಲ್ಲರೂ ನೆಲ್ಲಿಕಾಯಿ ಎಂದು ಕರೆಯುತ್ತಿದ್ದರು. ಆಟ ಇಷ್ಟೇ. ಒಬ್ಬ ನಡೆಸುವವನು; ಉಳಿದವರಿಗೆ ಒಂದೊಂದು ವೇಷ. ಎದುರಿಗೆ ಗವಿ ಇದೆ, ರಾಕ್ಷಸ ಇದ್ದಾನೆ ಎಂದು ನಡೆಸುವವನು ಹೇಳುತ್ತಾನೆ. ನನ್ನವನು ಹೀಗೆ ಮಾಡುತ್ತಾನೆ ಎಂದು ಉಳಿದವರು ಅವನಿಗೆ ಹೇಳುತ್ತಾರೆ. ಮಾಡಿದ್ದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಬಂದರೆ ನಡೆಸುವವನ ಮಾತೇ ಕೊನೆಯ ಮಾತು. ಈ ಕೊನೆಯ ನಿಯಮವನ್ನು ನಾನು ಮೊದಲ ದಿನವೇ ಕನ್ನಡದಲ್ಲಿ ತಿಳಿಸಿ ಹೇಳಿದ್ದೆ. ಹೇಳದಿದ್ದರೆ ಆಟ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

ಆಡುವ ಜಾಗ ಟೇಲರನ ಅಂಗಡಿ. ಭಾನುವಾರ ಮಧ್ಯಾಹ್ನ ಅವನು ಅರ್ಧ ಬಾಗಿಲು ಹಾಕಿ, ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡುತ್ತಿದ್ದ. ಆಡುವವರು ಮೂವರು. ಒಬ್ಬ ಟೇಲರ. ಇನ್ನೊಬ್ಬರು ಐವತ್ತು ದಾಟಿದ, ಮಾತು ಕಡಿಮೆಯ ಒಕ್ಕಲುತನದವರು. ಮಣ್ಣೆತ್ತಿನ ಅಮಾವಾಸ್ಯೆಗೆ ಅವರು ಮಾಡಿದಷ್ಟು ಚೆಂದದ ಎತ್ತು ಆ ಊರಲ್ಲಿ ಯಾರೂ ಮಾಡುತ್ತಿರಲಿಲ್ಲ. ಅವರೇ ಮೇಲಿನ ಹೊಲದವರು. ಮೂರನೆಯವನು ಅವರ ಕಾಕಾನ ಮಗ, ವಯಸ್ಸಿನಲ್ಲಿ ಬಹಳ ಕಿರಿಯ. ಅವನು ಕೆಳಗಿನ ಹೊಲದವನು, ಸೋಮವಾರ ನನ್ನ ಬಾಗಿಲಿಗೆ ಬಂದವಳ ಗಂಡ. ಈ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ ಎಂಬುದು ನನಗೆ ಗೊತ್ತೇ ಆಗಿರಲಿಲ್ಲ. ಈ ಆಟದಲ್ಲಿ ಯಾರೂ ಯಾರೊಡನೆಯೂ ನೇರವಾಗಿ ಮಾತಾಡಬೇಕಾಗಿಲ್ಲ. ಎಲ್ಲವನ್ನೂ ನಡೆಸುವವನಿಗೆ ಹೇಳಿದರೆ ಸಾಕು. ಇಬ್ಬರೂ ನನಗೇ ಹೇಳುತ್ತಿದ್ದರು. ನಿಯಮ ಎಷ್ಟು ಚೆನ್ನಾಗಿ ಪಾಲಿಸುತ್ತಾರಲ್ಲ ಎಂದು ನಾನು ಮೆಚ್ಚಿಕೊಂಡಿದ್ದೆ.

ಮೆಚ್ಚಿಕೊಳ್ಳಲು ಬೇರೇನೂ ಇರಲಿಲ್ಲ. ಅವರ ಪ್ರಶ್ನೆಗಳು ನನ್ನನ್ನು ಹಿಂಡಿ ಹಾಕುತ್ತಿದ್ದವು. ಟೇಲರನಿಗೆ ಉಕ್ಕಿನ ಅಂಗಿ ತೊಟ್ಟ ಯೋಧನ ವೇಷ ಕೊಟ್ಟಿದ್ದೆ. ಗವಿಯ ಬಾಯಲ್ಲಿ ರಾಕ್ಷಸ ಕಾಣಿಸಿಕೊಂಡ ಗಳಿಗೆಯಲ್ಲೇ ಅವನು ಕೈ ಎತ್ತಿದ.

"ಮಾಸ್ತರ, ಈ ಅಂಗಿಗೆ ಗುಂಡಿ ಮುಂದೋ, ಹಿಂದೋ?"

"ಪುಸ್ತಕದಾಗ ಹೇಳಿಲ್ಲಪಾ."

"ಹಿಂದಿದ್ರ ಒಬ್ಬಾತಗ ಹಾಕ್ಕೊಳ್ಳಾಕ ಬರೂದಿಲ್ಲ. ನಾ ಅಂಗಿ ಹಾಕ್ಕೊಂಡೇನೋ ಇಲ್ಲೋ ಅದು ಮೊದಲ ಆಗಲಿ. ಆಮ್ಯಾಲೆ ರಾಕ್ಷಸ ಬರಲಿ."

ರಾಕ್ಷಸ ಕಾಯಬೇಕಾಯಿತು. ಅವನು ಸತ್ತ ಮೇಲಾದರೂ ನಿಧಿ ಹುಡುಕಲು ಗವಿಯೊಳಗೆ ಹೋಗುತ್ತಾರೆ ಎಂದುಕೊಂಡೆ. ಕೆಳಗಿನ ಹೊಲದವನು ಬಗ್ಗಿ ಮೇಜು ನೋಡುತ್ತ, ನೆಲ ಕಪ್ಪೋ ಕೆಂಪೋ ಎಂದು ಕೇಳಿದ. "ಗವಿ ಮುಂದಿನ ಬಯಲ ಎರಿಯೋ, ಮಸಾರಿಯೋ?"

"ಯಾಕ?"

"ಎರಿ ಇದ್ರ ಕಡ್ಲಿ ಬಿತ್ತಬಹುದು. ರಾಕ್ಷಸ ಸತ್ತನಲ್ಲ. ಹೊಲಾ ಬೀಳ ಬಿಡೂದು ಯಾಕ?"

ಮೇಲಿನ ಹೊಲದವರು ನನ್ನ ಕಡೆ ತಿರುಗಿ, "ಕೇಳ್ರಿ ಅವಗ, ರಾಕ್ಷಸಗ ವಾರಸದಾರರು ಇಲ್ಲ ಅನ್ನೂದನ್ನ ಯಾರ ಹೇಳಿದ್ರು ಅಂತ" ಎಂದರು. ಆ ಮಧ್ಯಾಹ್ನ ಪೂರ್ತಿ ರಾಕ್ಷಸನ ವಾರಸದಾರರ ಚರ್ಚೆಯಲ್ಲೇ ಹೋಯಿತು. ನಾನು ವಾರವಿಡೀ ಕೂತು ಗವಿಯೊಳಗೆ ಜೋಡಿಸಿಟ್ಟಿದ್ದ ಸುರಂಗ, ಬಲೆ, ಮಾತಾಡುವ ಹಾವು ಎಲ್ಲ ಹಾಗೇ ಉಳಿದವು.

ಮೇಜಿನ ಮೇಲೆ ಇಡುವ ಗುಡ್ಡ, ಗವಿ, ಹಾದಿಗಳನ್ನು ಮೊದಲು ನಾನೇ ಮಾಡಿದೆ. ನಮ್ಮ ಕಡೆಯ ಕೆಂಪು ಮಣ್ಣಿನ ಅಂದಾಜಿನ ಮೇಲೆ ಇಲ್ಲಿಯ ಎರೆಮಣ್ಣನ್ನು ಕಲಸಿ, ಗುಡ್ಡ ಎಬ್ಬಿಸಿ, ನೆರಳಲ್ಲಿಟ್ಟೆ. ಮುಂದಿನ ಭಾನುವಾರದ ಹೊತ್ತಿಗೆ ಗುಡ್ಡ ಬೆರಳು ತೂರುವಷ್ಟು ಬಿರಿದಿತ್ತು. ಟೇಲರ ಅದನ್ನು ನೋಡಿ, "ಭೂಕಂಪ ಆಗೇತೇನ್ರಿ ಮಾಸ್ತರ?" ಎಂದ. ಮೇಲಿನ ಹೊಲದವರು ಏನೂ ಅನ್ನದೆ ಆ ಮಣ್ಣನ್ನು ಮನೆಗೆ ಒಯ್ದು, ಹೊಟ್ಟು, ಹತ್ತಿಯ ಎಳೆ, ಸಗಣಿ ಸೇರಿಸಿ ತುಳಿದು ಹದ ಮಾಡಿ, ಹೊಸ ಗುಡ್ಡ ತಂದಿಟ್ಟರು. ಅಂದಿನಿಂದ ಆ ಕೆಲಸ ಅವರದಾಯಿತು. ಒಡೆದ ಗಡಿಗೆಯ ಬಾಯಿ ಗವಿಯಾಯಿತು. ದಾರ ಮುಗಿದ ರೀಲುಗಳು ಕೋಟೆಯ ಬುರುಜಾದವು. ಕೆಳಗಿನ ಹೊಲದವನು ಬಿಲ್ಲುಗಾರನ ವೇಷ ತೆಗೆದುಕೊಂಡಿದ್ದರೂ ಬಿಲ್ಲಿಗಿಂತ ಹೆಚ್ಚಾಗಿ ಒಂದು ಹೇರಿನ ಎತ್ತು ಬೇಕು ಎಂದು ಹಟ ಹಿಡಿದಿದ್ದ. ಆ ಎತ್ತನ್ನೂ ಮೇಲಿನ ಹೊಲದವರೇ ಮಾಡಿಕೊಟ್ಟರು. ಬೆನ್ನ ಮೇಲೆ ಎರಡು ಸಣ್ಣ ಚೀಲ, ಕೊರಳಲ್ಲಿ ಗಂಟೆಯ ಗುರುತು. ಆದರೆ ಅವನ ಕೈಗೆ ಕೊಡಲಿಲ್ಲ. ನನ್ನ ಕೈಗೆ ಕೊಟ್ಟರು. ಆಗಲೂ ನನಗೆ ಏನೂ ಅನ್ನಿಸಲಿಲ್ಲ.

ಈಗ ಆ ಭಾನುವಾರದ ಮಾತು. ಅಂದು ಅವರು ಒಂದು ಹಳೆಯ ಹಲಗೆಯ ಮೇಲೆ ಪೂರ್ತಿ ಹೊಸ ನೆಲವನ್ನೇ ಮಾಡಿ ತಂದಿದ್ದರು. ಮೇಲೊಂದು ಬಯಲು, ಕೆಳಗೊಂದು ಬಯಲು, ಕೆಳಗಿನದರ ಆಚೆ ಆಳವಾದ ಹಳ್ಳ. ಮೇಲಿನ ಬಯಲಿನ ನಡುವೆ ಕಿರಿದಾದ ಕಣಿವೆ. ಕಣಿವೆಯಲ್ಲಿ ಮೊಳೆಯಿಂದ ಎರಡು ಗೀರು ಎಳೆದಿದ್ದರು.

"ಇದೇನು, ಗಾಲಿ ಹಾದಿ ಇದ್ದಂಗ ಐತಲ್ರಿ?" ಎಂದೆ.

"ಚಂದ ಕಾಣತೈತಿ ಅಂತ" ಎಂದರು.

ಕೆಳಗಿನ ಹೊಲದವನು ಹಲಗೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಜಾಗದಲ್ಲಿ ಕೂತ. ಟೇಲರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಹರಟುತ್ತಿದ್ದವರು ಎದ್ದು ಬಂದು ಅರ್ಧ ಬಾಗಿಲಿನ ಮೇಲೆ ಕೈ ಊರಿ ನಿಂತರು. ಕೊನೆಗೂ ಇವರ ಕಲ್ಪನೆಗೆ ರೆಕ್ಕೆ ಬಂತು ಎಂದು ನಾನು ಹಿಗ್ಗಿದೆ. ಕಣಿವೆಯಾಚೆ ಬೆಂಕಿ ಉಗುಳುವ ದೊಡ್ಡ ಸರ್ಪವನ್ನು ನಾನು ಆ ದಿನಕ್ಕಾಗಿಯೇ ಇಟ್ಟುಕೊಂಡಿದ್ದೆ.

ಮೇಲಿನ ಹೊಲದವರ ವೇಷ ಕಾವಲುಗಾರನದು. ಅವನು ಕಣಿವೆಯ ಬಾಯಲ್ಲಿ ಬೀಡು ಬಿಟ್ಟ. ಬಿಲ್ಲುಗಾರ ಕೆಳಗಿನ ಬಯಲಿನಿಂದ ಹೇರಿನೆತ್ತು ಹೊಡೆದುಕೊಂಡು ಬಂದ.

"ಹಾದ ಹೋಗತೇನಿ" ಎಂದ ಕೆಳಗಿನ ಹೊಲದವನು.

"ಮಾಸ್ತರ, ಕೇಳದ ಹೋಗಬಹುದೇನ್ರಿ?" ಎಂದರು ಮೇಲಿನವರು.

ಪುಸ್ತಕ ತಿರುವಿದೆ. ಇರಲಿಲ್ಲ.

"ಹಿಂದ ಅದ ಹಾದೀಲೆ ಹೋಗ್ಯಾನ, ಬಂದಾನ. ಇವತ್ತ ಯಾಕ ಕೇಳಬೇಕು?" ಎಂದ ಕೆಳಗಿನವನು.

"ಹೋದಾಗೊಮ್ಮೆ ಬಾಜೂಕ ಸರದ ಹೋಗ್ಯಾನ್ರಿ. ಹಾದಿ ಒಂದ ಕಡೆ ನಿಂತಿಲ್ಲ. ಬೀಡಿನೊಳಗ ಬಂದೈತಿ. ಅದನ್ನ ಬರಕೊಳ್ರಿ."

"ಹಸಿ ನೆಲದಾಗ ಗಾಲಿ ಹುಗದ್ರ ಸರೀದ ಏನ ಮಾಡೂದು?"

ಎತ್ತಿನ ಬೆನ್ನ ಮೇಲೆ ಹೇರು ಇದ್ದವನಿಗೆ ಗಾಲಿ ಎಲ್ಲಿಂದ ಬಂತು ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಉಕ್ಕಿನ ಅಂಗಿಯ ಗುಂಡಿಯಿಂದ ಹಿಡಿದು ರಾಕ್ಷಸನ ವಾರಸದಾರರ ತನಕ ಇಂಥದೇ ಜಗ್ಗಾಟ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಸರ್ಪ ಕಾಯುತ್ತಿತ್ತು. ಪುಸ್ತಕ ಮುಚ್ಚಿ ಹೇಳಿದೆ. "ಬೀಡು ಯಾರದೋ ಹಾದಿ ಅವರದು. ಹೋಗಬ್ಯಾಡ ಅನ್ನಂಗಿಲ್ಲ. ಆದರ ಹೋಗಾವ ಕೇಳಿ ಹೋಗಬೇಕು."

ನೆಲ್ಲಿಕಾಯಿ ಕೈಗೆ ತೆಗೆದುಕೊಂಡೆ.

"ಕೊನೇ ಮಾತೇನ್ರಿ?" ಮೇಲಿನ ಹೊಲದವರು ಕೇಳಿದರು.

"ಕೊನೇ ಮಾತು."

ಕೆಳಗಿನ ಹೊಲದವನು ಎದ್ದು ನಿಂತ. "ಆತು" ಎಂದ. ಚಪ್ಪಲಿ ಮೆಟ್ಟಿ ಹೋದ. ಬಾಗಿಲಲ್ಲಿ ನಿಂತವರು ಅವನಿಗೆ ದಾರಿ ಬಿಟ್ಟರು. ಒಂದು ಮಣ್ಣಿನ ಎತ್ತಿಗಾಗಿ ಇಷ್ಟು ಮುನಿಸೇ ಎಂದು ನಾನು ನಕ್ಕೆ. ಉಳಿದವರು ಯಾರೂ ನಗಲಿಲ್ಲ.

ಸೋಮವಾರ ಆ ಮುಳ್ಳು ನೋಡಿ ಬಂದ ಮೇಲೆ ಶಾಲೆಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಸಂಜೆ ನೇರ ಟೇಲರನ ಅಂಗಡಿಗೆ ಹೋದೆ. ಅವನು ಹೊಲಿಗೆ ನಿಲ್ಲಿಸಲಿಲ್ಲ.

"ನಿನಗ ಗೊತ್ತಿತ್ತೇನು, ಆ ಹಲಗಿ ಮ್ಯಾಲಿಂದು ಅವರ ಹೊಲಾ ಅಂತ?"

"ಊರಿಗೆಲ್ಲ ಗೊತ್ತಿತ್ರಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಹೆಂಗ್ರಿ? ನಿಮಗ ಗೊತ್ತಾದ್ರ ನೀವು ಒಬ್ಬರ ಕಡೆ ಆಗಿಬಿಡತೀರಿ. ಈ ಊರಾಗ ಪಂಚರನ್ನ ಕೂಡಸೂದ ಆಗವಲ್ದು. ಒಬ್ಬಾತ ಅವರಿಗೆ ಬೀಗ, ಇನ್ನೊಬ್ಬಾತ ಇವರಿಗೆ ಮಾವ. ನಿಮಗ ಯಾರ ಹೊಲಾ ಯಾವುದು ಅನ್ನೂದ ಗೊತ್ತಿಲ್ಲ. ನಿಮ್ಮಂಥ ಪಂಚ ಎಲ್ಲಿ ಸಿಗಬೇಕ್ರಿ?"

ಅವನು ಅದನ್ನು ಹೊಗಳಿಕೆಯಂತೆ ಹೇಳಿದ. ನಾನು ವಿಚಾರಿಸಿದಷ್ಟರ ಮಟ್ಟಿಗೆ, ಯಾರೂ ಕೂತು ಮಸಲತ್ತು ಮಾಡಿರಲಿಲ್ಲ. ಮೇಲಿನವರು ಹಲಗೆ ಮಾಡಿ ತಂದಿಟ್ಟರು; ಕೆಳಗಿನವನು ಅದನ್ನು ಗುರುತು ಹಿಡಿದೂ ಎದ್ದು ಹೋಗದೆ ಕೂತ. ಕೂತದ್ದೇ ಒಪ್ಪಿಗೆ. ಆಮೇಲೆ ಎಲ್ಲರೆದುರು "ಆತು" ಎಂದ ಮೇಲೆ ಮುಗಿಯಿತು. ಜಗಳದ ಬೇರೂ ಸರಳವಾಗಿತ್ತು. ಎರೆಹೊಲದಲ್ಲಿ ಮಳೆಗಾಲಕ್ಕೆ ಬಂಡಿ ಹುಗಿಯುತ್ತದೆ. ಹುಗಿದ ಗೀರು ಬಿಟ್ಟು ಬಂಡಿಯವನು ಗೇಣು ಬಾಜೂಕೆ ಹೊಡೆಯುತ್ತಾನೆ. ವರ್ಷ ವರ್ಷ ಹಾದಿ ಹೊಲದೊಳಗೆ ಸರಿಯುತ್ತ ಹೋಗುತ್ತದೆ. ಆ ವರ್ಷ ನಿಂತ ಜೋಳದ ಎರಡು ಸಾಲು ಗಾಲಿಗೆ ಬಿದ್ದಿದ್ದವು.

ಮೇಲಿನ ಹೊಲದವರ ಮನೆಗೆ ಹೋದೆ. ಅವರು ಕಂಬಳಿ ಹಾಸಿ ಕೂಡಿಸಿ, ಚಹಾ ಕೊಡಿಸಿದರು.

"ಅದು ಆಟ ರೀ" ಎಂದೆ. "ಬೀಡು, ಬಿಲ್ಲುಗಾರ, ಇವೆಲ್ಲ ಸುಳ್ಳು."

"ಬೀಡು ಸುಳ್ಳು ಇರಬಹುದು. ನೀವು ಅಂದ ಮಾತು ಖರೆ ಅಲ್ರಿ? ನೀವು ಹೋಗಬ್ಯಾಡ ಅಂದಿಲ್ಲ, ಕೇಳಿ ಹೋಗು ಅಂದೀರಿ. ನಾನೂ ಅಷ್ಟ ಅನ್ನೂದು. ಬಂದು ಕೇಳಲಿ, ಈಗಿಂದೀಗ ಮುಳ್ಳ ತಗೀತೇನಿ."

ಕೆಳಗಿನ ಹೊಲದವನ ಮನೆಗೆ ಹೋದೆ. ಅಲ್ಲೂ ಚಹಾ.

"ಅಜ್ಜನ ಕಾಲದ ಹಾದಿ. ಕೇಳೂದಿಲ್ರಿ."

"ಹಂಗಾದ್ರ ಮುಳ್ಳ ಕಿತ್ತ ಒಗದ ಬಂಡಿ ಹೊಡಿ."

ಅವನು ನನ್ನನ್ನು ಅಪರಿಚಿತನನ್ನು ನೋಡುವಂತೆ ನೋಡಿದ. "ಆತು ಅಂದೇನಲ್ರಿ ನಿಮ್ಮ ಮುಂದ. ಹೆಂಗ ಕೀಳಬೇಕು?"

ಒಳಗಿನಿಂದ ಹೆಂಡತಿಯ ದನಿ ಬಂತು. "ಮತ್ತ ಕಾಯಿ ಗಿಡದಾಗ ಒಣಗಲೇನು?"

"ಹಳ್ಳದಾಗಿಂದ ಹೊರೂಣು" ಎಂದ ಅವನು. ಹೊರುವವರು ಹೆಂಗಸರು. ಆ ವಾರ ಅವಳು ಮತ್ತು ಇಬ್ಬರು ಕೂಲಿಯವರು ಬುಟ್ಟಿ ಹೊತ್ತು ಹಳ್ಳ ಹತ್ತಿ ಇಳಿಯುವುದನ್ನು ನಾನೇ ನೋಡಿದೆ. ಹೊತ್ತು ತಂದದ್ದಕ್ಕಿಂತ ಗಿಡದಲ್ಲಿ ಉಳಿದದ್ದು ಹೆಚ್ಚು. ದೂರದಿಂದಲೂ ಹೊಲ ಕೆಂಪಗೇ ಇತ್ತು. ಹಣ್ಣಾದ ಕಾಯಿ ಬಾಡಿ ನೆಲಕ್ಕೆ ಉದುರತೊಡಗಿತ್ತು.

ಪುಸ್ತಕವನ್ನು ಎರಡು ಸಲ ಮೊದಲಿನಿಂದ ಓದಿ, ಅದರ ಬಲದ ಮೇಲೆ, ಹಿಂದಿನ ತೀರ್ಪು ತಪ್ಪು, ಇಂಥ ಹಾದಿ ಎಲ್ಲರದೂ ಎಂದು ಪುಟದ ಸಮೇತ ತೋರಿಸಲು ಹೊರಟೆ. ಟೇಲರ ಕಣ್ಣು ಕಿರಿದು ಮಾಡಿ ಆ ಇಂಗ್ಲಿಷ್ ಪುಟ ನೋಡಿದ.

"ಮಾಸ್ತರ, ಹ್ವಾದ ವಾರ ಇರಲಾರದ್ದು ಈ ವಾರ ಪುಸ್ತಕದಾಗ ಹೆಂಗ ಬಂತ್ರಿ?"

ಪುಸ್ತಕ ಮುಚ್ಚಿದೆ. ಇನ್ನೂ ಬೇಸರದ ಸಂಗತಿ, ಭಾನುವಾರ ಇಬ್ಬರೂ ತಪ್ಪದೆ ಆಡಲು ಬಂದರು. ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಕಾವಲುಗಾರ ಕಣಿವೆಯ ಬಾಯಲ್ಲಿ, ಎತ್ತು ಅದರ ಎದುರು. "ನಿನ್ನ ಬಿಲ್ಲುಗಾರ ಏನ ಮಾಡತಾನ?" ಎಂದರೆ "ನಿಂತಾನ" ಎನ್ನುತ್ತಿದ್ದ. "ನಿಮ್ಮ ಕಾವಲುಗಾರ?" ಎಂದರೆ "ಕುಂತಾನ್ರಿ" ಎನ್ನುತ್ತಿದ್ದರು. ಟೇಲರನ ಯೋಧನೊಬ್ಬನೇ ಬೇಸತ್ತು ಮುಂದೆ ಹೋಗಿ ಸರ್ಪವನ್ನು ಕೊಂದು ಬಂದ. ನೆಲ್ಲಿಕಾಯಿ ಅವನಿಗೆ ಇಪ್ಪತ್ತು ಕೊಟ್ಟಿತ್ತು. ಯಾರೂ ತಲೆ ಎತ್ತಿ ಸಹ ನೋಡಲಿಲ್ಲ.

ಅದರ ಮುಂದಿನ ಭಾನುವಾರವೂ ಹಾಗೇ ಕೂತಿದ್ದೆವು. ಅರ್ಧ ಬಾಗಿಲಿನ ಆಚೆ ಆ ಹೆಣ್ಣುಮಗಳು ಜಂಪರಿನ ಬಟ್ಟೆ ಹಿಡಿದು ಬಂದು ನಿಂತಳು. ಒಳಗೆ ಭಾವನವರಿದ್ದದ್ದನ್ನು ಕಂಡು ಸೆರಗು ತಲೆಯ ಮೇಲೆ ಎಳೆದುಕೊಂಡು ಅವರಿಗೆ ಮಗ್ಗುಲಾಗಿ ನಿಂತಳು. ಆ ಕಡೆ ಗಂಡನ ಅಣ್ಣನ ಎದುರು ಹೆಣ್ಣುಮಕ್ಕಳು ನೇರ ಮಾತಾಡುವುದಿಲ್ಲ. ಏನಾದರೂ ಹೇಳುವುದಿದ್ದರೆ ನಡುವಿನವರೊಬ್ಬರಿಗೆ ಹೇಳುತ್ತಾರೆ.

"ಜಂಪರ್ ಬುಧವಾರಕ್ಕ ಕೊಡತೇನಿ ತಂಗಿ" ಎಂದ ಟೇಲರ.

"ಜಂಪರಿನ ಮಾತಲ್ಲ. ಮಾಸ್ತರ, ನಿಮ್ಮ ಆಟದ್ದು ಒಂದ ಕೇಳಲೇನ್ರಿ?"

ಗಂಡ ಮುಖ ಗಂಟಿಕ್ಕಿದ. ನಾನು "ಕೇಳವ್ವ" ಎಂದೆ.

"ಆ ಹೇರಿನ ಎತ್ತು ಇನ್ನೂ ಅಲ್ಲೇ ನಿಂತೈತೇನ್ರಿ?"

"ಅಲ್ಲೇ ಐತಿ."

"ಹೇರ ಬೆನ್ನ ಮ್ಯಾಲ ಐತಿ?"

"ಐತಿ."

"ಇಷ್ಟ ದಿನ ಹೊತ್ತ ನಿಂತ್ರ ಬೆನ್ನ ಹುಣ್ಣಾಗತೈತ್ರಿ. ಹೇರ ಕೆಳಗ ಇಳಸಾಕ ಯಾರನರ ಕೇಳಬೇಕೇನು?"

ರೂಢಿಯಂತೆ ಪುಸ್ತಕಕ್ಕೆ ಕೈ ಹೋಯಿತು. ವಾಪಸು ತೆಗೆದೆ. "ಇಲ್ಲ. ಇಳಸಾಕ ಕೇಳೂದ ಬ್ಯಾಡ."

"ಎಲ್ಲಿ ಇಳಸಬಹುದು?"

"ನಿಂತಲ್ಲೇ."

"ನಿಂತದ್ದು ಅವರ ಹಾದಿ ಬಾಯಾಗ. ಹಾದಿ ಅವರದು ಅಂತ ನೀವ ಅಂದೀರಿ. ಅವರ ಹಾದಿ ಮ್ಯಾಲೆ ಇಳಿಸಿದ ಹೇರ ಯಾರ ಕಾಯಬೇಕ್ರಿ?"

ಈ ಸಲ ನನಗೆ ಎಲ್ಲ ಗೊತ್ತಿತ್ತು. ಹಲಗೆಯ ಮೇಲಿನ ಗೀರು ಯಾವುದು, ಆಚೆಯ ಹಳ್ಳ ಯಾವುದು, ಸಣ್ಣ ಚೀಲದಲ್ಲಿ ಇರುವುದು ಏನು ಎಂದು. ಗೊತ್ತಿದ್ದೂ ಹೇಳಬೇಕಿತ್ತು. ಮೇಲಿನ ಹೊಲದವರ ಕಡೆ ತಿರುಗಿ, "ನೀವೇನಂತೀರಿ?" ಎಂದೆ.

ಅವರು ತಾವು ಮಾಡಿದ ಎತ್ತನ್ನೇ ನೋಡುತ್ತಿದ್ದರು. "ನಮ್ಮ ಕಣದಾಗ ಬಂದ ಬಿದ್ದ ರಾಶಿ ಯಾರದ ಇರಲಿ, ಕಾವಲಿ ಕಣದಾತಂದು" ಎಂದರು. "ಹಿಂದಿನಿಂದ ಹಂಗ ಐತಿ."

"ಅವರ ಅಂದದ್ದಲ್ಲ, ಮಾಸ್ತರ ಹೇಳಲಿ" ಎಂದಳು ಅವಳು, ಗೋಡೆ ನೋಡುತ್ತ.

"ಹಾದಿ ಯಾರದೋ, ಅದರ ಮ್ಯಾಲಿನ ಹೇರಿನ ಕಾವಲಿ ಅವರದು" ಎಂದೆ.

"ಕೊನೇ ಮಾತೇನ್ರಿ?"

"ಕೊನೇ ಮಾತವ್ವ."

ಅವಳು ಜಂಪರಿನ ಬಟ್ಟೆಯನ್ನು ಬಾಗಿಲ ಮೇಲೆ ಇಟ್ಟು ಹೋದಳು. ಗಂಡ ಮೆಲ್ಲಗೆ ಕೈ ಚಾಚಿ ಮಣ್ಣಿನ ಎತ್ತಿನ ಬೆನ್ನಿನಿಂದ ಆ ಎರಡು ಚೀಲ ಬಿಡಿಸಿ ಕಣಿವೆಯ ಬಾಯಲ್ಲಿ ಇಟ್ಟ. ಹಸಿಯಲ್ಲಿ ಅಂಟಿಸಿದ್ದರಿಂದ ಎತ್ತಿನ ಬೆನ್ನಿನ ಒಂದು ಚೂರೂ ಕಿತ್ತು ಬಂತು.

ಮರುದಿನ ಬೆಳಿಗ್ಗೆಯೇ ಕೆಳಗಿನ ಹೊಲದಲ್ಲಿ ಆಳು ಕೂಡಿಸಿ ಕಾಯಿ ಬಿಡಿಸಿದರು. ಹಳ್ಳದ ಕಡೆ ಯಾರೂ ಹೋಗಲಿಲ್ಲ. ಬುಟ್ಟಿ ಬುಟ್ಟಿ ಹೊತ್ತು ತಂದು ಮುಳ್ಳಿನ ಇಳಿಜಾರಿನ ಮಗ್ಗುಲಿಗೆ, ಮೇಲಿನ ಹೊಲದ ನೆಲದ ಮೇಲೆ, ಸುರಿದರು. ಸಂಜೆ ಹೊತ್ತಿಗೆ ಅಲ್ಲಿ ಸೊಂಟದೆತ್ತರದ ಕೆಂಪು ರಾಶಿ ಇತ್ತು. ಅವರು ಕೈ ಝಾಡಿಸಿಕೊಂಡು ಮನೆಗೆ ಹೋದರು. ಆ ರಾತ್ರಿ ಮೇಲಿನ ಹೊಲದವರು ಕಂಬಳಿ ಹೊದ್ದು ರಾಶಿಯ ಹತ್ತಿರ ಮಲಗಿದರಂತೆ. ಅದನ್ನು ನಾನು ನೋಡಿಲ್ಲ. ಬೆಳಿಗ್ಗೆ ಹೋದಾಗ ನೋಡಿದ್ದು ಇಷ್ಟು: ಅವರು ಒಬ್ಬರೇ ಮೊಣಕಾಲೂರಿ ಕೂತು, ಎರಡೂ ಕೈಯಿಂದ ರಾಶಿಯನ್ನು ಬಳಿದು ತೆಳ್ಳಗೆ ಹರವುತ್ತಿದ್ದರು. ಒಳಗಿನ ಕಾಯಿ ಮುಟ್ಟಿ ನೋಡುತ್ತಿದ್ದರು. ಖಾರಕ್ಕೆ ಸೀನುತ್ತಿದ್ದರು.

"ಇದೆಲ್ಲ ಯಾಕ್ರಿ? ಕಾವಲಿ ಅಷ್ಟ ಅಲ್ಲೇನು?" ಎಂದೆ.

"ಕಾಯೂದಂದ್ರ ಕೆಡದಂಗ ಕಾಯೂದು" ಎಂದರು. ಆಮೇಲೆ ಸೊಂಟ ಹಿಡಿದು ಎದ್ದು ನನ್ನ ಮೇಲೆ ತಿರುಗಿದರು. "ಮಾಸ್ತರ, ಇದು ಎಲ್ಲೀ ತನಕಾರಿ? ನಾಳೆ ಮತ್ತ ತಂದ ಸುರೀತಾರ. ನನ್ನ ಜ್ವಾಳ ಯಾರ ನೋಡಬೇಕು?"

"ನನಗೇನ ಕೇಳತೀರಿ? ಹಲಗಿ ತಂದಿಟ್ಟವರು ನೀವು."

ಅವರು ಊರ ಕಡೆ ಹೋದರು. ಸ್ವಲ್ಪ ಹೊತ್ತಿನಲ್ಲಿ ತಮ್ಮದೇ ಬಂಡಿ ಕಟ್ಟಿಕೊಂಡು ಬಂದರು. ಕಲ್ಲು ಇಳಿಸಿ, ಜಾಲಿಯ ಟೊಂಗೆಗಳನ್ನು ಒಂದೊಂದಾಗಿ ಎಳೆದು ಬದುವಿಗೆ ಹಾಕಿದರು. ರಾಶಿಯನ್ನು ಚೀಲಕ್ಕೆ ತುಂಬಿ ಬಂಡಿಗೆ ಹೇರತೊಡಗಿದರು. ಅಷ್ಟರಲ್ಲಿ ಕೆಳಗಿನ ಹೊಲದವನು ಬಂದ. ಚೀಲದ ಇನ್ನೊಂದು ತುದಿ ಹಿಡಿದ. ಇಬ್ಬರೂ ಒಟ್ಟಿಗೆ ಎತ್ತಿ ಹಾಕಿದರು, ಮುಂದಿನ ಚೀಲ, ಅದರ ಮುಂದಿನದು. ಬಂಡಿ ಕೆಳಗಿನ ಹೊಲದವನ ಕಣಕ್ಕೆ ಹೋಯಿತು. ಮಧ್ಯಾಹ್ನ ಶಾಲೆಯ ಕಿಟಕಿಯಿಂದ ನೋಡಿದಾಗ ಆ ಕಣ ಕೆಂಪಗೆ ಹರಡಿಕೊಂಡಿತ್ತು. ಅವಳು ಅದರ ಅಂಚಿನಲ್ಲಿ ಕೂತು ಉದುರು ತೊಟ್ಟು ಆರಿಸುತ್ತಿದ್ದಳು.

"ಅಂತೂ ಮುಳ್ಳ ತಗದ್ರಲ್ಲ" ಎಂದೆ ನಾನು ಅವರಿಗೆ, ಆ ಸಂಜೆ.

"ತಗದಿಲ್ಲ. ನನ್ನ ಬಂಡಿ ಹೋಗಾಕ ಸರಸೇನಿ."

ಟೊಂಗೆಗಳು ಬದುವಿನ ಮೇಲೆಯೇ ಇದ್ದವು, ಬೇಕಾದರೆ ಎಳೆಯಬಹುದಾದಷ್ಟು ಹತ್ತಿರದಲ್ಲಿ. ಎರಡನೇ ಸಲ ಕಾಯಿ ಬಿಡಿಸಿದಾಗ ಕೆಳಗಿನ ಹೊಲದವನು ತನ್ನ ಬಂಡಿಯನ್ನೇ ಹೊಡೆದುಕೊಂಡು ಹೋದ. ಅವನು ಕೇಳಿ ಹೋದನೋ ಕೇಳದೆ ಹೋದನೋ ನಾನು ನೋಡಲಿಲ್ಲ. ಅವಳನ್ನು ಕೇಳಿದೆ. "ಯಾರೂ ಕೇಳಿಲ್ಲ, ಯಾರೂ ಹೇಳಿಲ್ರಿ" ಎಂದಳು. ಆದರೆ ಒಂದನ್ನು ನಾನೇ ಹೋಗಿ ನೋಡಿದೆ. ಮುಳ್ಳಿನ ಮೇಲೆ ಹೇರಿದ್ದ ಆ ಕಲ್ಲುಗಳನ್ನು ಯಾರೋ ಹಾದಿಯ ಒಂದು ಮಗ್ಗುಲಿಗೆ, ಜೋಳದ ಅಂಚಿನ ಉದ್ದಕ್ಕೂ, ಸಾಲಾಗಿ ಅರ್ಧ ಹುಗಿದಿದ್ದರು. ಗಾಲಿ ಇನ್ನು ಆ ಕಡೆ ಸರಿಯುವಂತಿರಲಿಲ್ಲ. ಮುಂದಿನ ಭಾನುವಾರ ಹಲಗೆಯ ಮೇಲೆಯೂ ಗೀರಿನ ಮಗ್ಗುಲಿಗೆ ಸಣ್ಣ ಸಣ್ಣ ಮಣ್ಣಿನ ಗುಂಡುಗಳ ಸಾಲು ಬಂದಿತ್ತು. ಎತ್ತಿನ ಬೆನ್ನಿಗೆ ಹಸಿ ಮಣ್ಣು ಮೆತ್ತಿ ಸರಿ ಮಾಡಿದ್ದರು. ಈ ಸಲ ಅದನ್ನು ನನ್ನ ಕೈಗೆ ಕೊಡಲಿಲ್ಲ. ಅವನ ಎದುರು ಇಟ್ಟರು.

ಇನ್ನಾದರೂ ನೆಮ್ಮದಿಯಿಂದ ಗವಿಯೊಳಗೆ ಹೋಗಬಹುದು ಎಂದುಕೊಂಡೆ. ಕೆಲವು ವಾರ ಹೋದೆವು ಕೂಡ. ಟೇಲರ ಅಂಗಿಯ ಗುಂಡಿಯ ಮಾತು ಮತ್ತೆ ತೆಗೆದ. ಅದನ್ನು ಕೇಳಿ ನನಗೆ ಸಮಾಧಾನವೇ ಆಯಿತು. ಆಮೇಲೆ ಒಂದು ಭಾನುವಾರ ಅಂಗಡಿಗೆ ಹೋದರೆ ಕುಬಿಹಾಳದ ಕಡೆಯವರೊಬ್ಬರು ಕಟ್ಟೆಯ ಮೇಲೆ ಕಾದು ಕೂತಿದ್ದರು. ಪಕ್ಕದಲ್ಲಿ ಧೋತರ ಮುಚ್ಚಿದ ಹಲಗೆ. ಅಂಚಿನಲ್ಲಿ ಹಸಿ ಎರೆಮಣ್ಣು ಕಾಣುತ್ತಿತ್ತು.

"ಗವಿ ಆಟಕ್ಕ ಬಂದೇನ್ರಿ" ಎಂದರು.

ನಾನು ಧೋತರ ಎತ್ತಲಿಲ್ಲ. "ಇದು ಯಾರ ಹೊಲಾ ಅಂತ ಮೊದಲ ಹೇಳ್ರಿ" ಎಂದೆ.

ಅವರು ಹಲಗೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. "ಅದನ್ನ ಹೇಳಿದ್ರ," ಎಂದರು, "ನೀವು ಪಂಚರಾಗಂಗಿಲ್ಲಲ್ರಿ."